ಗದೆಗಿಲ್ಲದ ತಕರಾರು

ಪುತ್ತೂರು ಜಾತ್ರೆಯ ಸಂತೆಯಲ್ಲಿ ಗದೆ ಮಾರುವವನೂ ಪಿಸ್ತೂಲು ಮಾರುವವನೂ ಒಬ್ಬನೇ. ಒಂದೇ ಟಾರ್ಪಾಲಿನ ಅಡಿಯಲ್ಲಿ, ಒಂದೇ ಹಗ್ಗಕ್ಕೆ ಎರಡನ್ನೂ ನೇತುಹಾಕಿರುತ್ತಾನೆ. ಎರಡೂ ಪ್ಲಾಸ್ಟಿಕ್, ಎರಡೂ ಮನೆ ಮುಟ್ಟುವ ಮೊದಲೇ ಮುರಿಯುವಂಥವು. ಆದರೆ ಅಪ್ಪ ಅಮ್ಮಂದಿರ ಮುಖ ನೋಡಬೇಕು. ಮಗು ಗದೆಗೆ ಕೈ ಚಾಚಿದರೆ ಅಪ್ಪನ ಕೈ ತನ್ನಷ್ಟಕ್ಕೇ ಕಿಸೆಗೆ ಹೋಗುತ್ತದೆ. ಪಿಸ್ತೂಲಿಗೆ ಚಾಚಿತೋ, ಅಲ್ಲೇ ವಿಚಾರಸಂಕಿರಣ ಶುರು. "ಅದು ಬೇಡ ಪುಟ್ಟ, ಅದು ಕೆಟ್ಟದ್ದು." ಹಾಗಾದರೆ ಗದೆಯೆಂದರೆ ಏನು ಮಾರಾಯ್ರೆ, ಗಂಧ ತೇಯುವ ಸಾಧನವೋ?

ನಮ್ಮ ಈಶ್ವರಮಂಗಲದ ಕಡೆಯವರಿಗಂತೂ ಈ ಪ್ರಶ್ನೆ ತುಸು ಇಕ್ಕಟ್ಟಿನದು. ಊರಿನ ಹನುಮಗಿರಿಯಲ್ಲಿ ಪಂಚಮುಖಿ ಆಂಜನೇಯ ಇದ್ದಾನೆ, ಅಲ್ಲೇ ಬಿಲ್ಲು ಹಿಡಿದ ಕೋದಂಡರಾಮನೂ ಇದ್ದಾನೆ. ಹನುಮಗಿರಿಯ ಹೆಸರಿನಲ್ಲಿ ಒಂದು ಯಕ್ಷಗಾನ ಮೇಳವೂ ಉಂಟು. ಆಟ ನೋಡಿ ಬಂದ ಮರುದಿನ ನಮ್ಮ ಅಂಗಳಗಳಲ್ಲಿ ಎಷ್ಟು ಮಂದಿ ಕೌರವರು ಸಾಯುತ್ತಾರೆಂದು ಲೆಕ್ಕ ಇಟ್ಟವರಿಲ್ಲ. ಅಡಿಕೆಯ ಹಾಳೆ ಕಿರೀಟವಾಗುತ್ತದೆ, ತೆಂಗಿನ ಕೊತ್ತಳಿಗೆ ಗದೆಯಾಗುತ್ತದೆ, ಅದು ನೇರ ತಮ್ಮನ ತೊಡೆಗೇ ಬೀಳುತ್ತದೆ. ತಮ್ಮ ಬೊಬ್ಬೆ ಹಾಕಿ ಅಳುತ್ತಾನೆ. ಜಗಲಿಯಲ್ಲಿ ಕೂತ ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ, "ಗತ್ತು ಸಾಲದು, ಹೊಡೆಯುವ ಮೊದಲು ಎರಡು ದಿಗಿಣ ಹಾಕಬೇಕು" ಎಂದು ಭೀಮನನ್ನು ತಿದ್ದುತ್ತಾರೆ. ಈ ಹುಡುಗ ಮುಂದೆ ಜನರ ತೊಡೆ ಮುರಿದಾನು ಎಂಬ ಹೆದರಿಕೆ ಅವರಿಗಿಲ್ಲ. ಇದೇ ಹುಡುಗ ಎರಡು ಬೆರಳು ನೀಡಿ "ಢಿಶುಂ" ಅಂದರೆ ಮಾತ್ರ ಬೆಂಗಳೂರಿನಿಂದ ಬಂದ ಚಿಕ್ಕಮ್ಮನಿಗೆ ಎದೆ ಧಸಕ್ಕೆನ್ನುತ್ತದೆ.

ಚಿಕ್ಕಮ್ಮನನ್ನು ತಮಾಷೆ ಮಾಡಬೇಡಿ, ಅವರ ಹಿಂದೆ ಒಂದು ದೇಶವೇ ಇದೆ. ಸ್ವೀಡನ್ನಿನಲ್ಲಿ 1979ರಲ್ಲಿ ಸರಕಾರದವರೂ ಆಟಿಕೆ ವ್ಯಾಪಾರದವರೂ ಕೂತು ಮಾತಾಡಿ, ಯುದ್ಧದ ಆಟಿಕೆ ಮಾರುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡರು. ಆದರೆ ಯಾವ ಯುದ್ಧ? ಅದಕ್ಕೊಂದು ಗೆರೆ ಬೇಕಲ್ಲ. 1914ರಿಂದ ಈಚಿನದು ಅಂತ ಗೆರೆ ಎಳೆದರು. ಅದರ ಹಿಂದಿನವರು ಎಷ್ಟು ಬೇಕಾದರೂ ಹೊಡೆದಾಡಿಕೊಳ್ಳಬಹುದು. ನನಗೆ ಈ ಗೆರೆ ಬಹಳ ಹಿಡಿಸಿತು. ಭೀಮ ಪಾರು, ಹನುಮ ಪಾರು, ಅಷ್ಟೇ ಅಲ್ಲ, ನಮ್ಮ ಅಮರ ಸುಳ್ಯದವರೂ ಪಾರು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಡೆಯ ರೈತರು ಬೆಳ್ಳಾರೆಯ ಖಜಾನೆಗೆ ನುಗ್ಗಿ, ಪುತ್ತೂರು ಬಂಟ್ವಾಳ ದಾಟಿ, ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿ, ಹದಿಮೂರು ದಿನ ಕಂಪೆನಿಯವರನ್ನು ಹೊರಗಿಟ್ಟರಲ್ಲ, ಆ ಆಟವನ್ನು ಸ್ಟಾಕ್‌ಹೋಮಿನ ಅಂಗಳದಲ್ಲಿ ಆಡಿದರೂ ಯಾರೂ ತಕರಾರು ಮಾಡುವ ಹಾಗಿಲ್ಲ. ಆಡುವವರು ಸಿಗಬೇಕು ಅಷ್ಟೆ.

ಇನ್ನು ಪಿಸ್ತೂಲಿನ ವಿಷಯ. ದೀಪಾವಳಿಯ ಕೇಪಿನ ಪಿಸ್ತೂಲು ಗೊತ್ತಲ್ಲ, ಕೆಂಪು ಕಾಗದದ ಸುರುಳಿ, ಅದರ ಮೇಲೆ ಸಾಲಾಗಿ ಮದ್ದಿನ ಚುಕ್ಕೆಗಳು. ಕೆಂಪು ರಂಜಕಕ್ಕೆ ಪೊಟ್ಯಾಸಿಯಂ ಕ್ಲೋರೇಟ್ ಸೇರಿಸಿದ ಮದ್ದು ಅದು, ಕುಟ್ಟಿದರೆ ಸಾಕು, ಬೆಂಕಿ ಬೇಡ. ನಾನು ಕಂಡ ಪಿಸ್ತೂಲುಗಳೆಲ್ಲ ನರಕ ಚತುರ್ದಶಿಯ ಬೆಳಿಗ್ಗೆ ಹುಟ್ಟಿ ಬಲಿಪಾಡ್ಯಮಿಗೆ ಸ್ಪ್ರಿಂಗು ಜಾರಿ ಸತ್ತವು. ಉಳಿದ ಕೇಪನ್ನು ಮೆಟ್ಟಿಲ ಮೇಲಿಟ್ಟು ಕಲ್ಲಿನಿಂದ ಜಜ್ಜಿದರಾಯಿತು, ಸದ್ದು ಪಿಸ್ತೂಲಿಗಿಂತ ಜೋರು, ಆ ವಾಸನೆಯೂ ಪೂರ್ತಿ ಮೂಗಿಗೇ. ಅಂದರೆ ಮಕ್ಕಳಿಗೆ ಬೇಕಾದದ್ದು ಕೊಲ್ಲುವುದಲ್ಲ, ಸದ್ದು. ಬೇಕಾದರೆ ಏಪ್ರಿಲ್ 17ರ ರಾತ್ರಿ ಮಹಾಲಿಂಗೇಶ್ವರನ ಗದ್ದೆಗೆ ಬಂದು ಪುತ್ತೂರು ಬೆಡಿ ನೋಡಿ. ಆಕಾಶ ಬಿರಿಯುವ ಹಾಗೆ ಸಿಡಿಯುವಾಗ ಬಾಯಿ ತೆರೆದು ನಿಂತವರಲ್ಲಿ ಮಕ್ಕಳು ಎಷ್ಟು, ದೊಡ್ಡವರು ಎಷ್ಟು?

ಬಿದಿರಿನ ಪೆಟ್ಲದ್ದೂ ಅದೇ ಕತೆ. ಸಪೂರ ಬಿದಿರಿನ ಅಂಡೆ, ಒಂದು ಕಡ್ಡಿ, ಎರಡು ಎಳೆಕಾಯಿ. ಮೊದಲನೆಯದನ್ನು ತುದಿಗೆ ತಳ್ಳಿ, ಎರಡನೆಯದನ್ನು ಹಿಂದಿನಿಂದ ಒತ್ತಿದರೆ ನಡುವಿನ ಗಾಳಿ ಇಕ್ಕಟ್ಟಾಗಿ ಮುಂದಿನದನ್ನು ಠಪ್ಪೆಂದು ಉಗುಳುತ್ತದೆ. ಭೌತಶಾಸ್ತ್ರದ ಪಾಠವೂ ಆಯಿತು. 1936ರಲ್ಲೇ ಮಕ್ಕಳಿಗೆಂದು ‘ಬಾಲಪ್ರಪಂಚ’ ಬರೆದ ಶಿವರಾಮ ಕಾರಂತರು ನಮ್ಮ ಪುತ್ತೂರಿನ ಬಾಲವನದಲ್ಲೇ ಇದ್ದವರು, ಇದ್ದಿದ್ದರೆ ಹೋಗಿ ಕೇಳಬಹುದಿತ್ತು. ಬೈಸಿಕೊಂಡು ಬರುತ್ತಿದ್ದೆವು, ಅದು ಬೇರೆ.

ನನ್ನ ಮಟ್ಟಿಗೆ ತಕರಾರು ಇರುವುದು ಒಂದಕ್ಕೇ: ಹಳದಿ ಪ್ಲಾಸ್ಟಿಕ್ ಗುಂಡು ಹಾರಿಸುವ ಆ ಹೊಸ ಬಂದೂಕಿಗೆ. ಅದು ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತೆಂದೇ ಲೆಕ್ಕ. ಅದನ್ನು ಮಾತ್ರ ಮಗು ಹೊರಳಾಡಿ ಅತ್ತರೂ ಕೊಡಿಸಬೇಡಿ. ಇದರಲ್ಲಿ ಹರಟೆ ಇಲ್ಲ.

ಹಿಂಸೆ ಕಲಿಯುತ್ತಾರೆ ಅನ್ನುತ್ತೀರಾ? ನಮ್ಮಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ ಉಂಟು. ಮಂಗಗಳು ಬಂದು ಬೊಂಡ ಕುಡಿದು, ಬಾಳೆಗೊನೆ ಸಿಗಿದು, ಎಳೆ ಅಡಿಕೆಯನ್ನು ಕಿತ್ತು ಚೀಪಿ ಎಸೆಯುವಾಗ ಅಜ್ಜ ಆಕಾಶಕ್ಕೆ ಒಂದು ಢಂ ಅನ್ನಿಸುತ್ತಾರೆ. ಅದನ್ನು ನೋಡಿ ಬೆಳೆದ ಪುಳ್ಳಿ ಕೋಲು ಹಿಡಿದು ಢಂ ಅಂದರೆ ಅವನು ಕಲಿಯುತ್ತಿರುವುದು ಹಿಂಸೆಯನ್ನಲ್ಲ, ಕೃಷಿಯನ್ನು. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರಂತೂ ಲೋಕವೇ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ, ಈಗ 2029ರವರೆಗೆ ಮುಂದುವರಿದಿದೆ. ಗಂಡುಮಗು ಹುಟ್ಟಿದರೆ ಅಲ್ಲಿ ಗುಂಡು ಹಾರಿಸುವ ಕ್ರಮ. ಪಿಸ್ತೂಲು ಕೊಡಿಸಬಹುದೋ ಬಾರದೋ ಎಂದು ಯೋಚಿಸುವ ಹೊತ್ತಿಗೆ ಮಗು ಅದರ ಸದ್ದು ಕೇಳಿ ಆಗಿರುತ್ತದೆ.

ನಮಗೆ ಆ ಭಾಗ್ಯವಿಲ್ಲ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಡಬೇಕು. 2024ರಲ್ಲಿ ಲೋಕಸಭೆಗೆ ದಿನ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಕೃಷಿಕರು ವಿನಾಯಿತಿಗೆ ಅರ್ಜಿ ಹಾಕಿದರು, ಮಾತು ಹೈಕೋರ್ಟಿನವರೆಗೂ ಹೋಯಿತು. ಮಂಗಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲವಲ್ಲ. ನಮ್ಮ ನೆರೆಮನೆಯ ಭಾವ ಕೊನೆಗೆ ಮೊಮ್ಮಗನ ಹತ್ತಿರ ಹೋಗಿ, "ಪುಟ್ಟ, ನಿನ್ನ ಬೆಡಿ ಒಮ್ಮೆ ಕೊಡು" ಎಂದರು. ಅವನು ಸುಮ್ಮನೆ ಕೊಡುವ ಆಸಾಮಿಯೇ? "ಅಜ್ಜ, ನಿಮಗೆ ಲೈಸನ್ಸ್ ಉಂಟಾ?" ಅಂತ ಕೇಳಿದ. ಒಂದು ಐಸ್‌ಕ್ಯಾಂಡಿಗೆ ಇತ್ಯರ್ಥವಾಯಿತು. ಭಾವ ಆ ಕಪ್ಪು ಪ್ಲಾಸ್ಟಿಕ್ ಬಂದೂಕನ್ನು ಹೆಗಲಿಗೆ ಏರಿಸಿ ತೋಟಕ್ಕೆ ಇಳಿದರೆ ಮಂಗಗಳು ಹಾರಿ ಗುಡ್ಡೆ ಸೇರಿದವು. ಮೂರು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನ ಒಂದು ಗಡವ ಮಂಗ ತೆಂಗಿನ ಮಡಲಿನಲ್ಲಿ ಕೂತು ಭಾವನನ್ನೇ ನೋಡುತ್ತ ಬೊಂಡ ಕುಡಿಯಿತಂತೆ.

ಈಗ ಭಾವನ ತಲೆಯಲ್ಲಿ ಹುಲಿ ಹೊಕ್ಕಿದೆ. 2019ರಲ್ಲಿ ತೀರ್ಥಹಳ್ಳಿ ಕಡೆಯ ಕೃಷಿಕರೊಬ್ಬರು ಮಂಗ ಓಡಿಸಲು ನಾಯಿಗೆ ಹುಲಿಯ ಪಟ್ಟೆ ಬಳಿದದ್ದು ಪೇಪರಿನಲ್ಲೆಲ್ಲ ಬಂದಿತ್ತು. ಅದಕ್ಕೂ ಮೊದಲು ಉತ್ತರ ಕನ್ನಡದ ಕಡೆ ತೋಟದಲ್ಲಿ ಹುಲಿಯ ಬೊಂಬೆ ಇಡುತ್ತಿದ್ದರಂತೆ. ಭಾವನ ನಾಯಿ ಬಣ್ಣ ಹಚ್ಚಿಸಿಕೊಳ್ಳುವ ಜಾತಿಯದಲ್ಲ, ಆದ್ದರಿಂದ ಬೊಂಬೆಯೇ ಸೈ. "ಟಿಪ್ಪುವಿನ ಹತ್ತಿರ ಸಿಪಾಯಿಯ ಮೇಲೆ ಕೂತು ಗುರುಗುಟ್ಟುವ ಮರದ ಹುಲಿ ಇತ್ತಲ್ಲ, ಅಂಥದ್ದು ಸಿಕ್ಕಿದರೆ ಒಳ್ಳೆಯದಿತ್ತು" ಎಂದರು. ಅದು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ ಭಾವ, ಅವರು ಕೊಡುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಕವಳ ಉಗಿದು ಬಂದು ಕೇಳಿದರು, "ಹುಲಿ ಬೊಂಬೆ ಇಟ್ಟರೆ ಫಾರೆಸ್ಟಿನವರು ಕೇಸು ಹಾಕುತ್ತಾರೋ ಹೇಗೆ?"