ಬಾಲವಿಲ್ಲದ ಫೋನು

ಕೈಗೊಂದು ಮೊಬೈಲು ಇರುವ ಈ ಕಾಲದಲ್ಲಿ ಮನೆಗೆ ಕಾರ್ಡ್‌ಲೆಸ್ ಫೋನು ಕೊಳ್ಳಲು ಹೊರಟೆ ಎಂದರೆ ಯಾರಿಗಾದರೂ ನಗು ಬರುತ್ತದೆ. ನನ್ನ ಮಗನೂ ನಕ್ಕ. ಆದರೆ ತೀರ್ಥಹಳ್ಳಿಯ ಆಚೆ, ಗುಡ್ಡದ ಬುಡದಲ್ಲಿರುವ ನಮ್ಮಮ್ಮನ ಮನೆಯನ್ನು ನೋಡಿದವರು ನಗುವುದಿಲ್ಲ. ಅಲ್ಲಿ ಅಂಗಳದ ಮೂಲೆಯ ಹಲಸಿನ ಮರದ ಕೆಳಗೆ ನಿಂತರೆ ಮೊಬೈಲಿಗೆ ಒಂದು ಗೆರೆ ಸಿಗ್ನಲ್ಲು. ಮಳೆ ಹಿಡಿದರೆ ಅದೂ ಇಲ್ಲ. ಎಪ್ಪತ್ತೊಂಬತ್ತರ ಅಮ್ಮನಿಗೆ ಗಾಜಿನ ಮೇಲೆ ಬೆರಳು ಸವರುವ ವಿದ್ಯೆ ಒಗ್ಗಲೂ ಇಲ್ಲ. "ಒತ್ತಿದರೆ ಒತ್ತಿದ ಹಾಗೆ ಗೊತ್ತಾಗಬೇಕು ಕಣೇ" ಎನ್ನುತ್ತಾಳೆ. ನೆಂಟರಿಷ್ಟರಿಗೆಲ್ಲ ಬಾಯಿಪಾಠವಾಗಿರುವುದೂ ಆ ಮನೆಯ ಫೋನಿನ ನಂಬರೇ.

ತೊಂದರೆಯೆಂದರೆ ಫೋನು ಇರುವುದು ಜಗಲಿಯಲ್ಲಿ, ಅಮ್ಮ ಇರುವುದು ಹಿತ್ತಿಲಲ್ಲಿ. ರಿಂಗು ಕೇಳಿದರೆ ಓಡುತ್ತಾಳೆ. ನಿಧಾನ ಬಾ, ಮತ್ತೆ ಮಾಡುತ್ತಾರೆ ಎಂದು ಎಷ್ಟು ಸಲ ಹೇಳಿದರೂ ಕೇಳುವ ಕಿವಿ ಅದಲ್ಲ. 2023ರ ಮಳೆಗಾಲದಲ್ಲಿ ಹಾಗೆ ಓಡುವಾಗ ಹೊಸ್ತಿಲು ಎಡವಿ ಮಣಿಕಟ್ಟು ಮುರಿದುಕೊಂಡಳು. ಆ ಕರೆ ಯಾರದ್ದು ಗೊತ್ತೇ? ಸಾಲ ಬೇಕಾ ಎಂದು ಕೇಳುವವರದ್ದು!

ಫೋನು ಆ ಮನೆಗೆ ಬಂದದ್ದು 1993ರಲ್ಲಿ, ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲೆ. ಆಗಿನ್ನೂ ಅದು ದೂರಸಂಪರ್ಕ ಇಲಾಖೆಯ ಫೋನು. ಬಿಎಸ್ಎನ್ಎಲ್ ಆದದ್ದು 2000ದ ಅಕ್ಟೋಬರಿನಲ್ಲಿ. ಅಪ್ಪನ ಆರಾಮಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ, ಕ್ರೋಶೆಯ ಬಟ್ಟೆ ಹೊದ್ದು ಅದು ಕೂತಿತು. ಜಾಗ ಯಾರೂ ಆರಿಸಲಿಲ್ಲ. ಮನೆಯ ಯಜಮಾನ ಕೂರುವಲ್ಲಿ ಫೋನು ಇರಬೇಕೆಂಬುದು ಕೇಳದೆಯೇ ತೀರ್ಮಾನವಾಗಿತ್ತು. ನಿಮ್ಮ ಮನೆಗಳಲ್ಲೂ ಹಾಗೇ ಇತ್ತಲ್ಲವೇ? ಹುಬ್ಬಳ್ಳಿಯ ಚಿಕ್ಕಮ್ಮ ರಾತ್ರಿ ಹನ್ನೊಂದು ಕಳೆದ ಮೇಲೆ ಎಸ್‌ಟಿಡಿ ಮಾಡುತ್ತಿದ್ದಳು, ಆಗ ಕಾಲು ದರ. ಅಮ್ಮ ಕತ್ತಲಲ್ಲಿ ನಿಂತು "ಹೂಂ", "ಹೂಂ", "ಇಲ್ಲಿ ಮಳೆ" ಎನ್ನುತ್ತಿದ್ದಳು. ಜಗಲಿಯಲ್ಲಿ ಮಲಗಿದ ಅಪ್ಪ, ಅಜ್ಜಿ ಯಾರಿಗೂ ನಿದ್ದೆ ಬಂದಿರುತ್ತಿರಲಿಲ್ಲ. ಅಕ್ಕತಂಗಿಯರಿಗೆ ಮಾತಾಡಲು ಇಷ್ಟೇನಾ ಇರುವುದು ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಶಿವಮೊಗ್ಗದ ಅಂಗಡಿಯ ಹುಡುಗ ಮೊದಲು ತೋರಿಸಿದ್ದು ಬಣ್ಣದ ಪರದೆಯದ್ದು, ನಲವತ್ತು ಬಗೆಯ ರಿಂಗಿನದ್ದು. ನನಗೆ ಬೇಕಾದದ್ದೇ ಬೇರೆ. ಅಂಕಿಗಳು ದೊಡ್ಡದಾಗಿರಬೇಕು, ಕತ್ತಲಲ್ಲಿ ಗುಂಡಿಗಳು ಬೆಳಗಬೇಕು, ಅಮ್ಮನ ಎಡಗಿವಿಗೂ ಕೇಳುವಷ್ಟು ದನಿ ಏರಬೇಕು. ಮಣಿಕಟ್ಟು ನೋಯುವಾಗ ಹಿಡಿದುಕೊಳ್ಳದೆಯೇ ಮಾತಾಡಲು ಸ್ಪೀಕರು ಬೇಕು. ಎರಡು ಹ್ಯಾಂಡ್‌ಸೆಟ್ಟು ಬೇಕು: ಮಂಚದ ಬಳಿ ಒಂದು, ಅಡಿಗೆಮನೆಯಲ್ಲಿ ಒಂದು. ತಾಯಿಪೆಟ್ಟಿಗೆ ಒಂದೇ ಇದ್ದರೆ ಸಾಕು, ಮರಿ ಹ್ಯಾಂಡ್‌ಸೆಟ್ಟಿಗೆ ಕೂರಲು ಬರೀ ಚಾರ್ಜಿನ ತೊಟ್ಟಿಲು. ತಾಯಿಪೆಟ್ಟಿಗೆಯ ಒಂದು ಗುಂಡಿ ಒತ್ತಿದರೆ ಹ್ಯಾಂಡ್‌ಸೆಟ್ಟು ಎಲ್ಲಿದ್ದರೂ ಕೂಗಿಕೊಳ್ಳುತ್ತದೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಅಮ್ಮನಿಗೆ ಇದಕ್ಕಿಂತ ಉಪಕಾರಿಯಾದ ಗುಂಡಿ ಇನ್ನೊಂದಿಲ್ಲ. ಕನ್ನಡಕಕ್ಕೂ ಒಂದು ಇದ್ದಿದ್ದರೆ!

ಹಿಂದಿನ ಅನಲಾಗ್ ಕಾರ್ಡ್‌ಲೆಸ್‌ಗಳಲ್ಲಿ ಪಕ್ಕದ ಮನೆಯವರ ಮಾತು ನುಸುಳುವುದಿತ್ತು. ಈಗಿನವು ಡೆಕ್ಟ್ ಎಂಬ ಡಿಜಿಟಲ್ ಪದ್ಧತಿಯವು, ಆ ಭಯ ಕಡಿಮೆ. ಮನೆಯೊಳಗೆ 50 ಮೀಟರ್, ಬಯಲಲ್ಲಿ 300 ಮೀಟರ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಬರೆದವರು ನಮ್ಮ ಮಣ್ಣಿನ ಗೋಡೆಗಳನ್ನು ನೋಡಿದವರಲ್ಲ. ಆದ್ದರಿಂದ ತಾಯಿಪೆಟ್ಟಿಗೆಯನ್ನು ಜಗಲಿಯಿಂದೆಬ್ಬಿಸಿ ನಡುಮನೆಗೆ ತಂದೆವು. ಅಲ್ಲಿಂದ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನವರೆಗೂ ದನಿ ಮುಟ್ಟಿತು.

ಕರೆಂಟಿನ ವಿಷಯವನ್ನು ಮಾತ್ರ ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಹಳೆಯ ತಂತಿ ಫೋನಿಗೆ ಮನೆಯ ಕರೆಂಟೇ ಬೇಡವಾಗಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಸುಮಾರು 48 ವೋಲ್ಟು ಆ ತಂತಿಯಲ್ಲೇ ಹರಿದು ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಬದುಕಿರುತ್ತಿದ್ದದ್ದು ಅದಕ್ಕೇ. ಕಾರ್ಡ್‌ಲೆಸ್‌ನ ತಾಯಿಪೆಟ್ಟಿಗೆಗೆ ಕರೆಂಟು ಹೋದರೆ ಮರಿಗಳೂ ಮೂಕ. ಈಗ ತಾಮ್ರದ ತಂತಿ ಹೋಗಿ ಫೈಬರ್ ಬಂದ ಮನೆಗಳಲ್ಲಿ ಗೋಡೆಯ ಪೆಟ್ಟಿಗೆಗೂ ಕರೆಂಟು ಬೇಕು. ಆಷಾಢದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ ಊರು ನಮ್ಮದು. ಹಾಗಾಗಿ ಫೈಬರ್ ಪೆಟ್ಟಿಗೆಯನ್ನೂ ತಾಯಿಪೆಟ್ಟಿಗೆಯನ್ನೂ ಇನ್ವರ್ಟರಿನ ಸಾಲಿಗೆ ಸೇರಿಸಿದೆವು. ಹಳೆಯ ತಂತಿ ಫೋನನ್ನೂ ಬಿಸಾಡಲಿಲ್ಲ, ಅದೇ ಲೈನಿಗೆ ಜೊತೆಯಾಗಿ ಹಾಕಿಸಿದೆವು. ಹ್ಯಾಂಡ್‌ಸೆಟ್ಟಿಗೆ ಮರುಚಾರ್ಜಿನ ಸೆಲ್ಲೇ ಆಗಬೇಕು. ಟಾರ್ಚಿನ ಮಾಮೂಲಿ ಸೆಲ್ಲು ತುಂಬಿ ತೊಟ್ಟಿಲಲ್ಲಿಟ್ಟರೆ ಅದು ಸೋರಿ ಫೋನೇ ಹಾಳು.

ಹೊಸ ಫೋನು ಬಂದ ಮೊದಲ ವಾರ ಅಮ್ಮ ಅದನ್ನು ಎತ್ತಿಕೊಂಡು ಹೋಗಿ ಜಗಲಿಯಲ್ಲೇ ನಿಂತು ಮಾತಾಡುತ್ತಿದ್ದಳು. ಅಪ್ಪ ಹೋಗಿ ಎಂಟು ವರ್ಷ, ಮನೆಯಲ್ಲಿ ಬೇರಾರೂ ಇಲ್ಲ. ಆದರೂ ತಗ್ಗಿದ ದನಿ, ಅದೇ "ಹೂಂ", ಅದೇ "ಇಲ್ಲಿ ಮಳೆ".

ಒಂದು ಮಧ್ಯಾಹ್ನ ಮೂರು ಗಂಟೆಗೆ ಅವಳೇ ಮಾಡಿದಳು. ಹಿಂದಿನಿಂದ ಕಾಗೆಯ ಕೂಗು ಕೇಳುತ್ತಿತ್ತು.

"ಎಲ್ಲಿದ್ದೀ?"

"ಹಿತ್ತಿಲಲ್ಲಿ, ಒಗೆಯುವ ಕಲ್ಲಿನ ಮೇಲೆ ಕೂತಿದ್ದೀನಿ."

ಮಾತು ತಾನಾಗಿಯೇ ಚಿಕ್ಕಮ್ಮನ ಕಡೆ ತಿರುಗಿತು. 1996ರ ಒಂದು ರಾತ್ರಿ ಚಿಕ್ಕಮ್ಮ, ಇಲ್ಲಿ ಇರಲಾರೆ, ಹೊಡೆಯುತ್ತಾರೆ, ಬಂದುಬಿಡಲೇ ಅಕ್ಕಾ ಎಂದು ಅತ್ತಳಂತೆ. "ಬಾ ಅನ್ನಬೇಕು ಅಂತಿತ್ತು. ನಿಮ್ಮಜ್ಜಿ ಎದ್ದು ಕೂತಿದ್ದರು, ನಿಮ್ಮಪ್ಪ ಕೆಮ್ಮಿದರು. ನಾನು ಹೂಂ, ಇಲ್ಲಿ ಮಳೆ ಅಂದೆ. ಅವಳು ಫೋನಿಟ್ಟಳು. ಆಮೇಲೆ ಆ ಮಾತು ಅವಳು ಯಾವತ್ತೂ ಎತ್ತಲಿಲ್ಲ. ನಾನಾದರೂ..."

ಅಷ್ಟರಲ್ಲಿ ಬ್ಯಾಟರಿ ಕುಂಯ್‌ಗುಟ್ಟಿತು, ಲೈನು ಸತ್ತಿತು. ನಾನು ಕೈಯಲ್ಲಿ ಫೋನು ಹಿಡಿದು ಹಾಗೇ ಕೂತೆ. ಎರಡು ನಿಮಿಷಕ್ಕೆ ಮತ್ತೆ ರಿಂಗಾಯಿತು.

"ಅಡಿಗೆಮನೇದು ತಗೊಂಡೆ" ಎಂದಳು ಅಮ್ಮ. "ಎಲ್ಲಿಗೆ ನಿಲ್ಲಿಸಿದ್ದೆ?"