ನಂಬರ್ ಇರುವ ಸಮುದ್ರ

ಜಯನಗರ ಐದನೇ ಬ್ಲಾಕಿನಲ್ಲಿ ಮೂವತ್ತು ವರ್ಷ ಕಳೆದವರಿಗೆ ಎಲ್ಲಿ ಹೋದರೂ ನಂಬರು ಹಿಡಿದೇ ದಾರಿ ಹುಡುಕುವ ಚಾಳಿ. ಹಾಗಾಗಿ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದ ಜೆಟ್ಟಿಯಲ್ಲಿ ಆಟೋದವನು "ಯಾವ ನಂಬರ್? ಮೂರಾ, ಐದಾ, ಏಳಾ?" ಎಂದು ಹಿಂದಿಯಲ್ಲಿ ಕೇಳಿದಾಗ ನನಗೆ ಊರು ಬಿಟ್ಟು ಬಂದಿದ್ದೇನೆ ಅಂತಲೇ ಅನ್ನಿಸಲಿಲ್ಲ. "ಫೋರ್ತ್ ಬ್ಲಾಕ್ ಕಾಂಪ್ಲೆಕ್ಸ್" ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವನು ಕೇಳಿದ್ದು ಬೀಚಿನ ನಂಬರು. ಐದನೆಯದು ಇರುವ ಹಳ್ಳಿಯ ಹೆಸರು ವಿಜಯನಗರ.

"ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಾಯಿಸಿದ್ರೆ ಆಗ್ತಿತ್ತಲ್ರೀ, ಇದಕ್ಕೆ ವಿಮಾನ ಬೇರೆ" ಎಂದಳು ನನ್ನವಳು.

ಮದುವೆಯಾದ ಹೊಸದರಲ್ಲಿ ದ್ವೀಪ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಮಲ್ಪೆಯಿಂದ ದೋಣಿ ಹತ್ತಿಸಿ ಸೇಂಟ್ ಮೇರೀಸ್‌ಗೆ ಕರೆದುಕೊಂಡು ಹೋದೆ ಕೂಡ. ಜೊತೆಗೆ ಅಮ್ಮ, ಅತ್ತಿಗೆ, ಅತ್ತಿಗೆಯ ಇಬ್ಬರು ಮಕ್ಕಳು, ಒಂದು ಡಬರಿ ಪುಳಿಯೋಗರೆ. ಕಂಬಕಂಬವಾಗಿ ನಿಂತ ಆ ಲಾವಾಬಂಡೆಗಳ ಮೇಲೆ ನಾವಿಬ್ಬರು ಪಕ್ಕಪಕ್ಕ ಕೂತ ನೆನಪೇ ಇಲ್ಲ. ಆ ಬಾಕಿ ಚುಕ್ತಾ ಮಾಡಲು ನಾನು ಬ್ಯಾಂಕಿನಿಂದ ನಿವೃತ್ತನಾಗಬೇಕಾಯಿತು.

ರೆಸಾರ್ಟು ಬುಕ್ ಮಾಡಿದ್ದು ಮಗಳು. ಹಾಸಿಗೆಯ ಮೇಲೆ ಟವೆಲ್ ಮಡಚಿ ಮಾಡಿದ ಹಂಸ. ಅದನ್ನು ಬಿಚ್ಚಲು ಮನಸ್ಸು ಬಾರದೆ ಮೊದಲ ದಿನ ಪಂಚೆಯಲ್ಲೇ ಮೈ ಒರೆಸಿಕೊಂಡೆ. ಏಳನೇ ನಂಬರಿನ ರಾಧಾನಗರ ಬೀಚನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಉತ್ತಮವೆಂದು ಹೊಗಳಿತ್ತು. ಹೊಗಳಿದ್ದು ಸರಿಯೇ. ಆದರೂ ಸಮುದ್ರವನ್ನು ಎಷ್ಟು ಹೊತ್ತು ನೋಡುವುದು? ರೂಢಿಯಂತೆ ಸಂಜೆ ಆರು ಗಂಟೆಗೆ ವಾಕಿಂಗ್ ಹೊರಟರೆ ಗವ್ವೆನ್ನುವ ಕತ್ತಲೆ. ಬೆಂಗಳೂರಿನಿಂದ ಹದಿನೈದು ಡಿಗ್ರಿ ಪೂರ್ವಕ್ಕಿದೆಯಲ್ಲ, ಸೂರ್ಯನಿಗೆ ಅಲ್ಲಿ ಒಂದು ಗಂಟೆ ಅವಸರ. ಗಡಿಯಾರ ಮಾತ್ರ ನಮ್ಮದೇ.

ಮೂರನೆಯ ದಿನ ರೆಸಾರ್ಟಿನ ಹಿಂದಿನ ಗೇಟು ದಾಟಿದೆವು.

"ಅಡಿಕೆ ತೋಟ ನೋಡ್ರೀ!"

ತೀರ್ಥಹಳ್ಳಿ ಕಡೆಯವಳು. ಸಮುದ್ರ ಕಂಡಾಗ ಈ ದನಿ ಹೊರಟಿರಲಿಲ್ಲ. ತಗಡಿನ ಮನೆಯೊಂದರ ಅಂಗಳದಲ್ಲಿ ಅಜ್ಜಿಯೊಬ್ಬರು ಒಣಅಡಿಕೆ ಹರವುತ್ತಿದ್ದರು. ನನ್ನವಳು ಚಪ್ಪಲಿ ಬಿಟ್ಟು ಕುಕ್ಕರುಗಾಲಲ್ಲಿ ಕೂತು, ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಅಡಿಕೆ ಲೊಟಲೊಟ ಎಂದಿತು. ಅಜ್ಜಿ ನಕ್ಕರು. ಪರಿಚಯ ಮುಗಿಯಿತು.

"ಕೊಳೆರೋಗಕ್ಕೆ ಹಿಂದಿಯಲ್ಲಿ ಏನಂತಾರ್ರೀ?" ಬ್ಯಾಂಕು ನನಗೆ ಕಲಿಸಿದ ಹಿಂದಿಯಲ್ಲಿ ಅದಿರಲಿಲ್ಲ. ಕಡೆಗೆ ಅವಳೇ ಸುರಿವ ಮಳೆ, ಉದುರುವ ಕಾಯಿ, ಹಣೆ ಚಚ್ಚಿಕೊಳ್ಳುವ ಯಜಮಾನ, ಮೂರನ್ನೂ ಅಭಿನಯಿಸಿ ತೋರಿಸಿದಳು. ಅಜ್ಜಿಗೆ ಅರ್ಥವಾಯಿತು. ಅವರೂ ಹಣೆ ಚಚ್ಚಿಕೊಂಡರು.

ಅವರ ಅತ್ತೆ ಮಾವ ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳ ಬಿಟ್ಟು ಬಂದವರಂತೆ. 1950ರ ದಶಕದಲ್ಲಿ ಸರ್ಕಾರ ಅಂಥ ಕುಟುಂಬಗಳನ್ನು ಹಡಗು ಹತ್ತಿಸಿ ಇಲ್ಲಿ ತಂದು ನೆಲೆಗೊಳಿಸಿತು. ಕಾಡು ಕಡಿದು ಭತ್ತ, ಬಾಳೆ, ಅಡಿಕೆ ಹಾಕಿದರು. ಗೋವಿಂದನಗರ, ಕೃಷ್ಣನಗರ, ಶ್ಯಾಮನಗರ ಎಂದು ದೇವರ ಹೆಸರಿನ ಹಳ್ಳಿಗಳಾದವು. 2018ರಲ್ಲಿ ದ್ವೀಪಕ್ಕೇ ಸ್ವರಾಜ್ ದ್ವೀಪ ಎಂಬ ಹೊಸ ಹೆಸರು ಬಂತು. ಆಟೋದವರಿಗೆ ಇಂದಿಗೂ ಮೂರು, ಐದು, ಏಳು.

"ಹಿರಿಯರ ಊರು ನೋಡಿದ್ದೀರಾ?" ಎಂದು ಕೇಳಿದೆ. ಅಜ್ಜಿ ಇಲ್ಲವೆಂದು ಕೈಯಾಡಿಸಿ ಅಡಿಕೆ ಹರವತೊಡಗಿದರು. ನನ್ನವಳೂ ಸುಮ್ಮನಾದಳು. ಅವಳ ಅಪ್ಪನ ತೋಟ ಪಾಲಾಗಿ, ಮಾರಿಹೋಗಿ ಹನ್ನೆರಡು ವರ್ಷ. ಜಯನಗರದಿಂದ ಅಲ್ಲಿಗೆ ಒಂದು ರಾತ್ರಿಯ ಬಸ್ಸು. ಅವಳು ಹೋಗಿಲ್ಲ.

ಬೀಚಿನಲ್ಲಿ ಆರಿಸಿ ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದ ಹವಳದ ತುಂಡುಗಳನ್ನು, ತೆಗೆದುಕೊಂಡು ಹೋಗುವಂತಿಲ್ಲ ಎಂದು ರೆಸಾರ್ಟಿನ ಹುಡುಗ ಹೇಳಿದ ಮೇಲೆ ವಾಪಸು ಅಲೆಗೇ ಬಿಟ್ಟಿದ್ದೆವು. ಅಜ್ಜಿ ಪೇಪರಿನಲ್ಲಿ ಸುತ್ತಿಕೊಟ್ಟ ನಾಲ್ಕು ಹಣ್ಣಡಿಕೆಯನ್ನು ವಿಮಾನ ನಿಲ್ದಾಣದಲ್ಲಿ ಯಾರೂ ಕೇಳಲಿಲ್ಲ.

ನಾಲ್ಕನ್ನೂ ಬಾಲ್ಕನಿಯ ಕುಂಡದಲ್ಲಿ ಹೂತಿದ್ದಾಳೆ. ಐದನೇ ಬ್ಲಾಕಿನ ಎರಡನೇ ಮಹಡಿಯಲ್ಲಿ ಅಡಿಕೆ ಬಿಡುವುದಿಲ್ಲ ಎಂದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಮೂರು ತಿಂಗಳಾದ ಮೇಲೆ ಒಂದು ಮೊಳೆತಿದೆ. ಮೋಡ ಕವಿದಾಗಲೆಲ್ಲ, ಕೊಳೆ ಬಂದೀತೆಂದು, ಕುಂಡವನ್ನು ಒಳಗೆ ಎಳೆಯುವ ಕೆಲಸ ನನ್ನದು.