ಕೀನ್ಯಾಕ್ಕೆ ಹೊರಡುವ ಮುನ್ನ

ಪ್ರವಾಸದ ಲೇಖನವನ್ನು ಹೋಗಿ ಬಂದ ಮೇಲೆ ಬರೆಯುವುದು ರೂಢಿ. ನಾವು ಇದನ್ನು ಹೊರಡುವ ಮುನ್ನವೇ ಬರೆಯುತ್ತಿದ್ದೇವೆ. ಬರುವ ಸೆಪ್ಟೆಂಬರಿನಲ್ಲಿ, ನಮ್ಮಲ್ಲಿ ಮಳೆ ಹಿಂದಾಗಿ ಶರದೃತುವಿನ ಬಿಸಿಲು ಕಾಣಿಸಿಕೊಳ್ಳುವ ಹೊತ್ತಿಗೆ, ಪೂರ್ವ ಆಫ್ರಿಕದ ಕೀನ್ಯಾ ದೇಶವನ್ನು ನೋಡಿ ಬರಬೇಕೆಂದು ನಿಶ್ಚಯಿಸಿದ್ದೇವೆ. ಹೊರಡುವವರು ನಾವಿಬ್ಬರು, ಮಗ ಮತ್ತು ನಮ್ಮ ತಾಯಿಯವರು. ಈ ಸಿದ್ಧತೆಯೇ ನಮಗೆ ಒಂದು ಪಾಠವಾದುದರಿಂದ ಅದನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿತು.

ಸೆಪ್ಟೆಂಬರನ್ನು ಆರಿಸಲು ಕಾರಣವಿದೆ. ಕೀನ್ಯಾ ಸಮಭಾಜಕ ವೃತ್ತದ ಮೇಲೆಯೇ ಇರುವ ದೇಶ. ಅಲ್ಲಿ ನಮ್ಮಂತೆ ಆರು ಋತುಗಳಿಲ್ಲ. ಮಾರ್ಚಿನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರಿನ ಕೊನೆಯಿಂದ ಡಿಸೆಂಬರಿನವರೆಗೆ ಸಣ್ಣ ಮಳೆ. ಎರಡರ ನಡುವಣ ಸೆಪ್ಟೆಂಬರು ಒಣ ತಿಂಗಳು. ಹುಲ್ಲು ಕಿರಿದಾಗಿ ಪ್ರಾಣಿಗಳು ದೂರದಿಂದಲೇ ಕಾಣುತ್ತವೆ. ಟಾಂಜಾನಿಯಾದ ಸೆರೆಂಗೆಟಿಯಿಂದ ಹುಲ್ಲು ಅರಸಿ ಬಂದ ವಿಲ್ಡ್‌ಬೀಸ್ಟ್ ಎಂಬ ಗಡ್ಡದ ಪ್ರಾಣಿಗಳ ಹಿಂಡುಗಳು ಜುಲೈಯಿಂದ ಅಕ್ಟೋಬರಿನವರೆಗೆ ಸಾಮಾನ್ಯವಾಗಿ ಮಸಾಯಿ ಮಾರಾದಲ್ಲಿರುತ್ತವೆ. ಮೊಸಳೆಗಳಿಂದ ತುಂಬಿದ ಮಾರಾ ನದಿಯನ್ನು ಅವು ದಾಟುವ ದೃಶ್ಯಕ್ಕಾಗಿ ಜಗತ್ತಿನ ನಾನಾ ಮೂಲೆಗಳಿಂದ ಜನ ಬರುತ್ತಾರೆ.

ನಮ್ಮ ಮೊದಲ ಯೋಜನೆಯಲ್ಲಿ ತಾಯಿಯವರು ಇರಲಿಲ್ಲ. ಅರುವತ್ತೆಂಟು ದಾಟಿದವರಿಗೆ ಕಾಡಿನ ಜೀಪಿನ ಕುಲುಕಾಟವೇಕೆ, ತಂಗಿಯ ಮನೆಯಲ್ಲಿ ಹತ್ತು ದಿನ ಸುಖವಾಗಿರಲಿ ಎಂದು ನಾವೇ ತೀರ್ಮಾನಿಸಿದ್ದೆವು. ಒಂದು ಸಂಜೆ ಮಗ ನಕಾಶೆ ಹರಡಿ ಕುಳಿತಿದ್ದಾಗ ಅವರು ಬಂದು ಒಂದು ಗೆರೆಯ ಮೇಲೆ ಬೆರಳಿಟ್ಟರು. “ಮೂವತ್ತು ವರ್ಷ ಹುಡುಗರಿಗೆ ಬೋರ್ಡಿನ ಮ್ಯಾಲ ಈ ಗೆರೀ ಎಳದು ತೋರಿಸೇನಿ. ಒಮ್ಮೆ ಅದರ ಮ್ಯಾಲ ನಿಂದರಬೇಕು ಅಂತ ಆಸೆ ಐತಿ” ಎಂದರು. ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ಅವರ ಮನಸ್ಸಿನಲ್ಲಿ ಇಂಥದೊಂದು ಆಸೆ ಇದ್ದುದು ನಮಗೆ ತಿಳಿದೇ ಇರಲಿಲ್ಲ. ನಾವು ಕೇಳಿರಲೂ ಇಲ್ಲ.

ಯೋಜನೆ ಬದಲಾಯಿತು. ನೈರೋಬಿಯಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರು ದೂರದಲ್ಲಿ, 5,199 ಮೀಟರು ಎತ್ತರದ ಕೀನ್ಯಾ ಪರ್ವತದ ಮಗ್ಗುಲಲ್ಲಿ, ನನ್ಯುಕಿ ಎಂಬ ಊರಿದೆ. ಸಮಭಾಜಕ ವೃತ್ತ ಅಲ್ಲಿಯೇ ಹಾದುಹೋಗುತ್ತದೆ; ರಸ್ತೆಯ ಬದಿಗೆ ಫಲಕ ನಿಲ್ಲಿಸಿದ್ದಾರೆ. ದಿನವನ್ನು ತಾಯಿಯವರೇ ಗೊತ್ತುಮಾಡಿದರು. ಸೆಪ್ಟೆಂಬರ್ 22 ಅಥವಾ 23ರಂದು ಹಗಲು ರಾತ್ರಿಗಳು ಸಮವಾಗುತ್ತವೆ. ಅಂದು ಆ ಗೆರೆಯ ಮೇಲೆ ಸೂರ್ಯನು ನಡುಮಧ್ಯಾಹ್ನ ನೆತ್ತಿಗೆ ಬರುತ್ತಾನೆ, ನೆರಳು ಕಾಲಡಿಯಲ್ಲಿ ಅಡಗುತ್ತದೆ. ಬೋಗುಣಿಯ ನೀರು ಗೆರೆಯ ಆಚೆ ಒಂದು ದಿಕ್ಕಿಗೆ, ಈಚೆ ಇನ್ನೊಂದು ದಿಕ್ಕಿಗೆ ಸುಳಿಯುವುದೆಂದು ಅಲ್ಲಿ ಪ್ರವಾಸಿಗಳಿಗೆ ತೋರಿಸುವರೆಂದು ಮಗ ಹೇಳಿದಾಗ ಅವರು ನಕ್ಕರು. ಅಷ್ಟು ಚಿಕ್ಕ ಪಾತ್ರೆಯಲ್ಲಿ ಭೂಮಿಯ ತಿರುಗುವಿಕೆಯ ಪ್ರಭಾವ ಕಾಣದು, ಅದು ನೀರು ಸುರಿಯುವವನ ಕೈಚಳಕ ಎಂಬುದು ಅವರ ತೀರ್ಪು.

ಆದರೆ ಒಂದು ತೊಡಕು ಎದುರಾಯಿತು. ಕೀನ್ಯಾ ಹಳದಿ ಜ್ವರದ ಭಯವಿರುವ ದೇಶ. ಅಲ್ಲಿಂದ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರವಿಲ್ಲದಿದ್ದರೆ ನಮ್ಮ ಸರ್ಕಾರ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅರುವತ್ತು ದಾಟಿದವರಿಗೆ ಮೊದಲ ಸಲ ಈ ಲಸಿಕೆ ಹಾಕಿದಾಗ ಅಪರೂಪಕ್ಕೆ ತೀವ್ರ ತೊಂದರೆಯಾಗುವುದುಂಟು. ಅದರ ಸಂಭವ ಕಿರಿಯರಿಗಿಂತ ಅವರಲ್ಲಿ ಹೆಚ್ಚು. ವೈದ್ಯರು ತಾಯಿಯವರನ್ನು ಪರೀಕ್ಷಿಸಿ, ಅವರು ಸೇವಿಸುವ ಔಷಧಗಳನ್ನೆಲ್ಲ ವಿಚಾರಿಸಿ, ಅಡ್ಡಿಯೇನೂ ಕಾಣುತ್ತಿಲ್ಲ, ಆದರೂ ಅಪಾಯ ಸೊನ್ನೆಯೆಂದು ಹೇಳಲಾರೆ ಎಂದರು. ನಾವು ಹಿಂಜರಿದೆವು. ಬೇಡವೆಂದು ಹೇಳಲು ಮಾತುಗಳನ್ನು ಜೋಡಿಸುತ್ತಿದ್ದೆವು. ಎರಡು ದಿನ ಸುಮ್ಮನಿದ್ದ ತಾಯಿಯವರು, “ನನ್ನ ಜೀವದ ಲೆಕ್ಕ ನನ್ನ ಕೈಯಾಗ ಇರಲಿ” ಎಂದಷ್ಟೇ ಹೇಳಿದರು. ಬೆಂಗಳೂರಿಗೆ ಹೋಗಿ ಎಲ್ಲರೂ ಲಸಿಕೆ ಹಾಕಿಸಿಕೊಂಡೆವು. ಅನಂತರದ ಹತ್ತು ರಾತ್ರಿ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವರಿಗೆ ಒಂದು ದಿನ ಮೈ ಬೆಚ್ಚಗಾದುದು ಬಿಟ್ಟರೆ ಬೇರೇನೂ ಆಗಲಿಲ್ಲ.

ಹೊರಡುವ ಇತರರಿಗೂ ಉಪಯುಕ್ತವಾಗಲೆಂದು ನಾಲ್ಕು ಮಾತು. ಈ ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿಯೇ ಹಾಕಿಸಬೇಕು. ಪ್ರಮಾಣಪತ್ರ ಹತ್ತು ದಿನಗಳ ಅನಂತರ ಜಾರಿಗೆ ಬಂದು ಜೀವಮಾನವಿಡೀ ನಡೆಯುತ್ತದೆ. ಮಲೇರಿಯಾದ ಬಗೆಗೂ ವೈದ್ಯರನ್ನು ಕೇಳಬೇಕು. 2024ರ ಜನವರಿಯಿಂದ ಕೀನ್ಯಾ ವೀಸಾ ಪದ್ಧತಿಯನ್ನು ಕೈಬಿಟ್ಟು, ಕಂಪ್ಯೂಟರಿನ ಮೂಲಕ ಮುಂಗಡ ಅನುಮತಿ ಪಡೆಯುವ ಕ್ರಮ ತಂದಿದೆ. ಪ್ಲಾಸ್ಟಿಕ್ ಕೈಚೀಲಗಳಿಗೆ ಅಲ್ಲಿ 2017ರಿಂದ ನಿಷೇಧವಿದೆ. ಬಟ್ಟೆಯ ಚೀಲವೇ ಲೇಸು. ನೈರೋಬಿ ಸುಮಾರು 1,700 ಮೀಟರು ಎತ್ತರದಲ್ಲಿರುವುದರಿಂದ ಸಂಜೆಗೆ ಸ್ವೆಟರು ಬೇಕು.

ಸಸ್ಯಾಹಾರಿಗಳು ಅಂಜಬೇಕಾಗಿಲ್ಲ. ಮೆಕ್ಕೆಜೋಳದ ಹಿಟ್ಟನ್ನು ಮುದ್ದೆಯಂತೆ ಗಟ್ಟಿಯಾಗಿ ಬೇಯಿಸಿದ ಉಗಾಲಿ, ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ ಅಲ್ಲಿನ ನಿತ್ಯದ ಊಟ. ಚಪಾತಿ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿಯೂ ಚಪಾತಿಯೇ. ನಮ್ಮ ಗಾಡಿ ಅಲ್ಲಿ ‘ಗಾರಿ’. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರಕ್ಕೆ ರೈಲುಮಾರ್ಗ ಹಾಕಲು ಭಾರತದಿಂದ ಸುಮಾರು 32,000 ಮಂದಿ ಕೂಲಿಗಳು ಹೋದರು. ಅವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಅಲ್ಲಿಯೇ ಮಣ್ಣಾದರು. ಪರದೇಶವೆಂದು ನಾವು ಹೊರಟಿರುವ ನೆಲದಲ್ಲಿ ನಮ್ಮವರ ಬೆವರೂ ಬೆರೆತಿದೆ.

ಟಿಕೇಟುಗಳು ಬಂದಿವೆ. ತಾಯಿಯವರ ಹಳದಿ ಪ್ರಮಾಣಪತ್ರ ಅವರ ಪಾಸ್‌ಪೋರ್ಟಿನೊಳಗೆ ಭದ್ರವಾಗಿದೆ. ಆ ಮಧ್ಯಾಹ್ನ ಪರ್ವತದ ಮೋಡ ಕವಿದು ಸೂರ್ಯನೇ ಕಾಣದಿದ್ದರೆ ಎಂದು ನಾವು ಮೊನ್ನೆ ಕೇಳಿದೆವು. “ಮೋಡ ಇದ್ದರ ಇರಲಿ, ಗೆರೀ ಎಲ್ಲಿಗೂ ಹೋಗೂದಿಲ್ಲ” ಎಂದು ಅವರು ಉತ್ತರಿಸಿ, ಹೊಸ ಚಪ್ಪಲಿ ಹಾಕಿಕೊಂಡು ಸಂಜೆಯ ನಡಿಗೆಗೆ ಹೊರಟರು.